‘ಕಾಣಲಿಲ್ಲ’ ಬೇರೆ, ‘ಇಲ್ಲ’ ಬೇರೆ: ಒಂದೇ ಹಸುವಿನ ಮಿದುಳು, ಎರಡು ವರದಿ

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಮೂರು ಸೀಮೆಹಸು, ಒಂದು ಕರು ಇದ್ದವು. ಹದಿನೈದು ದಿನದ ಹಿಂದೆ ಒಂದು ಹಸು ಮೇವು ಬಿಟ್ಟಿತು. ಬಾಯಿಂದ ಒಂದೇ ಸಮ ಜೊಲ್ಲು. ಗಂಟಲಿಗೆ ಏನೋ ಸಿಕ್ಕಿಕೊಂಡಿರಬೇಕು ಅಂತ ಅಪ್ಪ ಬಾಯೊಳಗೆ ಕೈ ಹಾಕಿ ನೋಡಿದರು, ಏನೂ ಸಿಗಲಿಲ್ಲ. ಗೊಟ್ಟದಲ್ಲಿ ಎಣ್ಣೆ ಕುಡಿಸಿದರು. ಮಾರನೇ ದಿನದಿಂದ ಒಡಕು ದನಿಯಲ್ಲಿ ಕೂಗಲು ಶುರು ಮಾಡಿತು. ಹಿಂಗಾಲು ಸೋತು ನಾಲ್ಕನೇ ದಿನ ಸತ್ತಿತು. ಊರಿನ ಕೆಲವರು ಹೊಟ್ಟೆ ಕುಯ್ದು ನೋಡಿದರು, ಒಳಗೆ ಎಲ್ಲ ಸರಿಯಾಗೇ ಇತ್ತು. ಪಶು ಆಸ್ಪತ್ರೆ ಡಾಕ್ಟ್ರು ಬಂದು, ಹುಚ್ಚುನಾಯಿ ರೋಗ ಇರಬಹುದು ಎಂದು ತಲೆ ತೆಗೆಸಿ, ಮಿದುಳಿನ ಸ್ಯಾಂಪಲ್ ಎರಡು ಕಡೆ ಕಳಿಸಿದರು. ಅಪ್ಪನಿಗೆ ಇಂಜೆಕ್ಷನ್ ಶುರು ಮಾಡಿಸಿ ಎಂದರು. ಎರಡು ಆಯಿತು. ಐದನೇ ದಿನ ಹತ್ತಿರದ ಲ್ಯಾಬಿನಿಂದ ‘ನೆಗ್ರಿ ಬಾಡೀಸ್ ಕಂಡುಬಂದಿಲ್ಲ’ ಎಂದು ವರದಿ ಬಂತು. ಸಮಾಧಾನ ಆಗಿ ಮೂರನೇ ಇಂಜೆಕ್ಷನ್‌ಗೆ ಹೋಗಲಿಲ್ಲ. ನಿನ್ನೆ, ಅಂದರೆ ಮೊದಲ ಇಂಜೆಕ್ಷನ್ ಆದ ಒಂಬತ್ತನೇ ದಿನ, ಬೆಂಗಳೂರಿನಿಂದ ‘ಎಫ್‌ಎಟಿ ಪಾಸಿಟಿವ್’ ಎಂದು ಬಂದಿದೆ. ಯಾವುದನ್ನು ನಂಬಬೇಕು? ಹಸು ನೀರಿಗೆ ಹೆದರಲೇ ಇಲ್ಲ, ಇದು ಆ ರೋಗವೇ ಅಲ್ಲ ಅಂತಾರೆ ಪಕ್ಕದ ಮನೆಯವರು. ಬದುಕಿದ್ದಾಗಲೇ ರಕ್ತ ಪರೀಕ್ಷೆ ಮಾಡಬಹುದಿತ್ತಲ್ಲವಾ? ಮನೆಯವರೆಲ್ಲ ಆ ಹಸುವಿನ ಹಾಲು ಕುಡಿದಿದ್ದೇವೆ. ಉಳಿದ ದನಗಳ ಗತಿ ಏನು?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ, ತಂದೆಯವರನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ಹೋಗಿ ಬಂದಿರಿ ಅಂತ ಸಂಜೆ ಗೊತ್ತಾಯಿತು. ಹಾಗಾಗಿ ಈಗ ನಿಧಾನವಾಗಿ ಬರೆಯಬಹುದು. ಇಂಥ ಪತ್ರ ನಿಮ್ಮದೊಂದೇ ಅಲ್ಲ, ಅದಕ್ಕೆ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ಎರಡು ವರದಿಗಳಲ್ಲಿ ಒಂದು ಸುಳ್ಳು, ಒಂದು ನಿಜ ಅಂತ ನೀವು ಅಂದುಕೊಂಡಿದ್ದೀರಿ. ನನ್ನ ಲೆಕ್ಕದಲ್ಲಿ ಎರಡೂ ನಿಜ. ಮೊದಲ ವರದಿಯನ್ನು ಇನ್ನೊಮ್ಮೆ ಓದಿ ನೋಡಿ. ‘ರೋಗ ಇಲ್ಲ’ ಅಂತ ಅದರಲ್ಲಿ ಎಲ್ಲೂ ಇಲ್ಲ. ‘ನೆಗ್ರಿ ಬಾಡೀಸ್ ಕಂಡುಬಂದಿಲ್ಲ’ ಅಂತಷ್ಟೇ ಇದೆ. ಕಾಣಲಿಲ್ಲ ಅನ್ನುವುದನ್ನು ನಾವು ಇಲ್ಲ ಅಂತ ಓದಿಕೊಂಡುಬಿಡುತ್ತೇವೆ. ತಂದೆಯವರ ಮೂರನೇ ಇಂಜೆಕ್ಷನ್ ತಪ್ಪಿದ್ದು ಅಲ್ಲೇ.

ಈ ನೆಗ್ರಿ ಬಾಡಿ ಅಂದರೆ ಏನು? ರೇಬಿಸ್ ವೈರಸ್ ಮಿದುಳಿನ ಜೀವಕೋಶದೊಳಗೆ ಸೇರಿ ಮರಿ ಹಾಕುವಾಗ, ಕೋಶದ ಒಳಗೆ ಸಣ್ಣ ಸಣ್ಣ ಉಂಡೆಗಳು ಕಟ್ಟಿಕೊಳ್ಳುತ್ತವೆ. 1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ ಅವುಗಳನ್ನು ಗುರುತಿಸಿದರು. ಅವು ಯಾವುದೋ ಪರೋಪಜೀವಿ ಅಂತ ಅವರು ತಿಳಿದಿದ್ದರು. ಅದು ತಪ್ಪು, ಆದರೆ ಗುರುತು ಸರಿಯಿತ್ತು. ಮಿದುಳಿನ ಚೂರನ್ನು ಗಾಜಿನ ಮೇಲೆ ಒತ್ತಿ, ಸೆಲ್ಲರ್ಸ್ ಬಣ್ಣ ಹಾಕಿ, ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನೀಲಿ ಕೋಶದೊಳಗೆ ಕೆಂಪು ಉಂಡೆ ಕಾಣುತ್ತದೆ. ಖರ್ಚು ಕಡಿಮೆ, ಅರ್ಧ ಗಂಟೆಯ ಕೆಲಸ. ಕಂಡರೆ ರೋಗ ಇದೆ ಅಂತ ಹೇಳಬಹುದು. ತೊಂದರೆ ಏನು ಅಂದರೆ, ರೇಬಿಸ್‌ನಿಂದಲೇ ಸತ್ತ ಎಷ್ಟೋ ಪ್ರಾಣಿಗಳಲ್ಲಿ ಈ ಉಂಡೆ ಕಾಣುವುದಿಲ್ಲ. ರೋಗ ಬೇಗ ಮುಗಿಸಿದರೆ ಉಂಡೆ ಕಟ್ಟುವಷ್ಟು ಸಮಯ ಇರುವುದಿಲ್ಲ. ಮಿದುಳು ಸ್ವಲ್ಪ ಕೊಳೆತಿದ್ದರೂ ಕಾಣುವುದಿಲ್ಲ.

ಇನ್ನೊಂದು ಕಾರಣ ಇದೆ. ನಾಯಿಯಲ್ಲಿ ಈ ಉಂಡೆಗಳನ್ನು ಹುಡುಕುವ ಜಾಗ ಹಿಪ್ಪೊಕ್ಯಾಂಪಸ್ ಎಂಬ ಭಾಗ. ದನಗಳಲ್ಲಿ ಕಿರುಮಿದುಳಿನಲ್ಲಿ ಹುಡುಕಬೇಕು. ತಲೆಬುರುಡೆ ಒಡೆದಾಗ ಮೊದಲು ಕೈಗೆ ಸಿಗುವುದು ಮೇಲಿನ ದೊಡ್ಡ ಮಿದುಳು. ಅವಸರದಲ್ಲಿ ಅದರದ್ದೇ ಒಂದು ತುಂಡು ಡಬ್ಬಿಗೆ ಹಾಕಿ ಕಳಿಸಿದರೆ ಲ್ಯಾಬಿನವರು ಕಣ್ಣು ನೋಯುವವರೆಗೆ ಹುಡುಕಿದರೂ ಸಿಗದೇ ಹೋಗಬಹುದು.

ಇದನ್ನು ಬೇರೆಯವರ ಮೇಲೆ ಹೇರಿ ಹೇಳುತ್ತಿಲ್ಲ. ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಎಮ್ಮೆಯ ಮಿದುಳಿನ ಸ್ಲೈಡ್ ನೋಡಿ, ಫೋನಿನಲ್ಲಿ ಕಾಯುತ್ತಿದ್ದ ರೈತರಿಗೆ “ಏನೂ ಇಲ್ಲ, ಧೈರ್ಯವಾಗಿರಿ” ಅಂದುಬಿಟ್ಟಿದ್ದೆ. ಆಗ ಅದೇ ಮಿದುಳನ್ನು ಅರೆದು ಬಿಳಿ ಇಲಿಗಳ ಮಿದುಳಿಗೆ ಚುಚ್ಚಿ ನಾಲ್ಕು ವಾರ ನೋಡುವ ಪದ್ಧತಿ ಇತ್ತು. ಹನ್ನೆರಡನೇ ದಿನ ಬೆಳಿಗ್ಗೆ ಪಂಜರದ ಹತ್ತಿರ ಹೋದರೆ, ಎರಡು ಇಲಿಗಳ ರೋಮ ನಿಮಿರಿತ್ತು, ಹಿಂಗಾಲು ಎಳೆಯುತ್ತಿದ್ದವು. ಆ ರೈತರ ಊರಿನ ಡಾಕ್ಟ್ರು ನನ್ನ ಮಾತು ಕೇಳದೆ ಪೂರ್ತಿ ಇಂಜೆಕ್ಷನ್ ಕೊಟ್ಟಿದ್ದರು, ಹಾಗಾಗಿ ಬಚಾವಾದೆ. ಅವತ್ತಿನಿಂದ ‘ಇಲ್ಲ’ ಅನ್ನುವ ಪದ ನನ್ನ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ.

ಇನ್ನು ಬೆಂಗಳೂರಿನ ವರದಿ. ಎಫ್‌ಎಟಿ ಅಂದರೆ ಫ್ಲೋರೆಸೆಂಟ್ ಆ್ಯಂಟಿಬಾಡಿ ಟೆಸ್ಟ್. 1958ರಲ್ಲಿ ಬಂದ ವಿಧಾನ. ಇವತ್ತಿಗೂ ಪ್ರಾಣಿಗಳ ರೇಬಿಸ್ ಪರೀಕ್ಷೆಗೆ ಇದೇ ಅಳತೆಗೋಲು. ಮಿದುಳಿನ ಬುಡದಿಂದ, ಕಿರುಮಿದುಳಿನಿಂದ ಚೂರು ತೆಗೆದು ಸ್ಲೈಡಿಗೆ ಒತ್ತುತ್ತಾರೆ. ತಣ್ಣನೆಯ ಅಸಿಟೋನ್‌ನಲ್ಲಿ ಅದ್ದಿ ಇಡುತ್ತಾರೆ. ಆಮೇಲೆ ರೇಬಿಸ್ ವೈರಸ್ಸಿಗೆ ಮಾತ್ರ ಅಂಟುವ ಪ್ರತಿಕಾಯವನ್ನು, ಅಂದರೆ ಆ್ಯಂಟಿಬಾಡಿಯನ್ನು, ಮೇಲೆ ಹನಿಸುತ್ತಾರೆ. ಆ ಪ್ರತಿಕಾಯಕ್ಕೆ ಮೊದಲೇ ಹೊಳೆಯುವ ಬಣ್ಣ ಕಟ್ಟಿರುತ್ತಾರೆ. 37 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇಟ್ಟು ತೊಳೆಯುತ್ತಾರೆ. ವೈರಸ್ ಇದ್ದರೆ ಪ್ರತಿಕಾಯ ಅಂಟಿಕೊಂಡು ಉಳಿಯುತ್ತದೆ, ಇಲ್ಲದಿದ್ದರೆ ನೀರಿನ ಜೊತೆ ಹೋಗುತ್ತದೆ. ನಂತರ ಕತ್ತಲೆ ಕೋಣೆಯಲ್ಲಿ ವಿಶೇಷ ಮೈಕ್ರೋಸ್ಕೋಪ್ ಹಚ್ಚಿ ನೋಡುವುದು. ಕಪ್ಪು ಹಿನ್ನೆಲೆಯಲ್ಲಿ ಗಿಳಿಹಸಿರು ಧೂಳು ಚೆಲ್ಲಿದ ಹಾಗೆ ಕಾಣುತ್ತದೆ. ಕೆಲವು ಚುಕ್ಕೆ ಸಾಸಿವೆಯಷ್ಟು, ಕೆಲವು ಕಣ್ಣಿಗೆ ಹತ್ತುವುದೇ ಕಷ್ಟ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಜೊತೆಗೆ ಪ್ರತಿ ಸಲವೂ ಎರಡು ಸ್ಲೈಡ್ ಇಟ್ಟುಕೊಂಡಿರುತ್ತಾರೆ. ಒಂದು ರೋಗ ಇದೆ ಅಂತ ಗೊತ್ತಿರುವ ಮಿದುಳಿನದ್ದು, ಇನ್ನೊಂದು ಇಲ್ಲ ಅಂತ ಗೊತ್ತಿರುವುದು. ಮೊದಲನೆಯದು ಹೊಳೆಯಬೇಕು, ಎರಡನೆಯದು ಕಪ್ಪಾಗಿರಬೇಕು. ಆಗ ಮಾತ್ರ ನಿಮ್ಮ ಹಸುವಿನ ಸ್ಲೈಡಿಗೆ ಬೆಲೆ. ತಾಜಾ ಮಿದುಳು, ಸರಿಯಾದ ಭಾಗ ಸಿಕ್ಕರೆ 100ರಲ್ಲಿ 95ರಿಂದ 99 ಸಲ ಇದು ಸರಿ ಉತ್ತರ ಕೊಡುತ್ತದೆ. ಅದೂ ಕೆಲವೇ ಗಂಟೆಗಳಲ್ಲಿ. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಬೆಂಗಳೂರಿನ ವರದಿ ನಂಬಿ. ಹಸು ಸತ್ತದ್ದು ರೇಬಿಸ್‌ನಿಂದಲೇ.

ಮೂರನೇ ಪರೀಕ್ಷೆ ಮಾಡಿಸಲಾ ಅಂತ ಫೋನಿನಲ್ಲಿ ಕೇಳಿದಿರಿ. ಉಳಿದ ಮಿದುಳಿನ ಚೂರು ಲ್ಯಾಬಿನಲ್ಲಿದ್ದರೆ ವೈರಸ್ಸಿನ ಜೀನು ಹುಡುಕುವ ಆರ್‌ಟಿ-ಪಿಸಿಆರ್ ಮಾಡುತ್ತಾರೆ. ನೀವು ವಿವರಿಸಿದ ಲಕ್ಷಣಗಳಿಗೆ ಈ ಪಾಸಿಟಿವ್ ಸರಿಯಾಗಿ ಕೂಡುತ್ತದೆ, ಇನ್ನೊಂದರ ಅಗತ್ಯ ನನಗೆ ಕಾಣುವುದಿಲ್ಲ. ಲಕ್ಷಣ ಹೀಗೇ ಇದ್ದು ಎಫ್‌ಎಟಿ ನೆಗೆಟಿವ್ ಬಂದಿದ್ದರೆ ನಾನೇ ಇನ್ನೊಂದು ಪರೀಕ್ಷೆ ಮಾಡಿಸಿ ಅನ್ನುತ್ತಿದ್ದೆ.

ಬದುಕಿದ್ದಾಗ ರಕ್ತ ಪರೀಕ್ಷೆ ಯಾಕೆ ಮಾಡಲಿಲ್ಲ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ತಪ್ಪಿಲ್ಲ, ಬೇರೆ ರೋಗಕ್ಕೆಲ್ಲ ರಕ್ತವನ್ನೇ ತಾನೇ ತೆಗೆಯುವುದು? ಆದರೆ ಈ ವೈರಸ್ ರಕ್ತದ ದಾರಿ ಹಿಡಿಯುವುದಿಲ್ಲ. ಕಚ್ಚಿದ ಜಾಗದ ಮಾಂಸದಲ್ಲಿ ಸ್ವಲ್ಪ ದಿನ ಕೂತಿದ್ದು, ಅಲ್ಲಿಂದ ನರದೊಳಗೆ ನುಸುಳಿ, ನಿಧಾನಕ್ಕೆ ಬೆನ್ನುಹುರಿ ಹತ್ತಿ, ಮಿದುಳಿನ ಬುಡ ಸೇರುತ್ತದೆ. ಮೂತಿಗೆ ಕಚ್ಚಿದರೆ ದಾರಿ ಹತ್ತಿರ, ಹಿಂಗಾಲಿಗೆ ಕಚ್ಚಿದರೆ ದೂರ. ದನಗಳಲ್ಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಇಷ್ಟು ದಿನ ಅದು ನರದೊಳಗೆ ಅಡಗಿರುವುದರಿಂದ ದೇಹಕ್ಕೂ ಸುಳಿವು ಸಿಗುವುದಿಲ್ಲ. ರಕ್ತದಲ್ಲಿ ಪ್ರತಿಕಾಯ ಕಾಣಿಸುವ ಹೊತ್ತಿಗೆ ಪ್ರಾಣಿ ಸಾಯುವ ಹಂತಕ್ಕೆ ಬಂದಿರುತ್ತದೆ. ಮಿದುಳು ತಲುಪಿದ ಮೇಲೆ ವೈರಸ್ ಮತ್ತೆ ನರಗಳ ಮೂಲಕ ಇಳಿದು ಜೊಲ್ಲಿನ ಗ್ರಂಥಿಗೆ ಬರುತ್ತದೆ. ಜೊಲ್ಲು ಪರೀಕ್ಷೆ ಮಾಡಬಹುದು, ಆದರೆ ಜೊಲ್ಲಿನಲ್ಲಿ ಒಂದು ಹೊತ್ತು ಇರುತ್ತದೆ, ಇನ್ನೊಂದು ಹೊತ್ತು ಇರುವುದಿಲ್ಲ. ನೆಗೆಟಿವ್ ಬಂದರೆ ಏನೂ ಹೇಳಲಾಗದು. ಅದಕ್ಕೇ ಸತ್ತ ಮೇಲೆ ಮಿದುಳು ನೋಡುವುದು.

ನೀರಿಗೆ ಹೆದರುವ ವಿಚಾರ. ಅದು ಮನುಷ್ಯರ ಲಕ್ಷಣ. ದನ ನೀರಿನ ಬಾನಿಗೆ ಬಾಯಿ ಇಟ್ಟೇ ಇಡುತ್ತದೆ, ನುಂಗಲು ಆಗದೆ ನೀರು ಮೂಗಿನಿಂದ ಆಚೆ ಬರುತ್ತದೆ. ಗಂಟಲ ಸ್ನಾಯು ಸೋತಿರುವುದರಿಂದಲೇ ಅಷ್ಟು ಜೊಲ್ಲು. ನೋಡಿದವರಿಗೆ ಗಂಟಲಿಗೆ ಮಾವಿನ ಓಟೆಯೋ ಗೆಣಸೋ ಸಿಕ್ಕಿಕೊಂಡ ಹಾಗೇ ಅನಿಸುತ್ತದೆ. ನಿಮ್ಮ ತಂದೆಯವರು ಮಾಡಿದ ತಪ್ಪನ್ನು ನನ್ನ ಸಹೋದ್ಯೋಗಿ ವೈದ್ಯರೂ ಮಾಡಿದ್ದಾರೆ. ಆ ಒಡಕು ಕೂಗು ಇದೆಯಲ್ಲ, ದಿನವಿಡೀ ಬಿಟ್ಟು ಬಿಟ್ಟು ಕೂಗುವುದು, ಅದನ್ನು ಕೇಳಿದರೆ ನಾನು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಕೈಗವಸು ಹುಡುಕುತ್ತೇನೆ.

ಹೊಟ್ಟೆ ಕುಯ್ದು ನೋಡಿದ್ದು ಮಾತ್ರ ನನಗೆ ಸಿಟ್ಟು ತರಿಸಿತು. ರೇಬಿಸ್‌ನಲ್ಲಿ ಬರಿಗಣ್ಣಿಗೆ ಒಳಗೆ ಏನೂ ಕಾಣುವುದಿಲ್ಲ. ಹೊಟ್ಟೆಯಲ್ಲೂ ಇಲ್ಲ, ಮಿದುಳಿನಲ್ಲೂ ಇಲ್ಲ. ‘ಎಲ್ಲ ಸರಿಯಾಗೇ ಇತ್ತು’ ಅನ್ನುವುದರಿಂದ ರೋಗ ಇಲ್ಲ ಅಂತ ಆಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಇದ್ದಕ್ಕಿದ್ದಂತೆ ಸತ್ತ ದನ ನೆರಡಿ ರೋಗದ್ದಾಗಿದ್ದರೆ, ಅದೇ ಆಂಥ್ರಾಕ್ಸ್, ಕುಯ್ದ ಕೂಡಲೇ ಅದರ ಬೀಜಾಣುಗಳು ಮಣ್ಣಿಗೆ ಸೇರಿ ವರ್ಷಗಟ್ಟಲೆ ಉಳಿಯುತ್ತವೆ. ಮೂಗು, ಗುದದಿಂದ ಕಪ್ಪು ರಕ್ತ ಬಂದು ಹೆಪ್ಪುಗಟ್ಟದೆ ಇದ್ದರೆ ಚಾಕು ಮುಟ್ಟಲೇಬೇಡಿ. ಡಾಕ್ಟ್ರು ಮೊದಲು ಕಿವಿಯಿಂದ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ, ಆಮೇಲೆ ಉಳಿದದ್ದು. ಅಂದಹಾಗೆ ನಿಮ್ಮ ಹಸುವನ್ನು ಕುಯ್ದವರು ಯಾರು, ಅವರ ಕೈಯಲ್ಲಿ ಗಾಯ ಇತ್ತಾ, ಚರ್ಮ ಸುಲಿದರಾ, ಮಾಂಸ ಮುಟ್ಟಿದರಾ ಎಂದು ಕೇಳಿ. ಅವರೂ ಆಸ್ಪತ್ರೆಗೆ ಹೋಗಬೇಕು.

ಈಗ ತಂದೆಯವರ ವಿಷಯ. ರೇಬಿಸ್ ಹಸುವಿನ ಬಾಯಿಗೆ ಬರಿಗೈ ಹಾಕಿದ್ದು, ಅದೂ ಹೊಲದ ಕೆಲಸದಿಂದ ಬಿರುಕು ಬಿಟ್ಟ ಕೈ. ಇದನ್ನು ಮೂರನೇ ವರ್ಗದ, ಅಂದರೆ ಎಲ್ಲಕ್ಕಿಂತ ಗಂಭೀರವಾದ, ಸೋಂಕಿನ ಸಂಪರ್ಕ ಅಂತಲೇ ಎಣಿಸಬೇಕು. ತೋಳಿಗೆ ಕೊಡುವ ಲಸಿಕೆಯಾದರೆ 0, 3, 7, 14, 28ನೇ ದಿನ. ಚರ್ಮಕ್ಕೆ ಕೊಡುವ ಪದ್ಧತಿಯಾದರೆ 0, 3, 7, 28. ಒಂದು ತಪ್ಪಿದ್ದರೆ ಮೊದಲಿನಿಂದ ಶುರು ಮಾಡುವುದಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಮುಂದಿನ ದಿನಾಂಕಗಳನ್ನು ಡಾಕ್ಟ್ರು ಬರೆದುಕೊಟ್ಟಿರುತ್ತಾರೆ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಗಾಯದ ಜಾಗಕ್ಕೆ ಕೊಡುವ ಸೀರಂ, ಅಂದರೆ ಇಮ್ಯುನೋಗ್ಲಾಬ್ಯುಲಿನ್, ಕೊಟ್ಟಿದ್ದಾರಾ ಅಂತ ನೀವು ಬರೆದಿರಲಿಲ್ಲ. ಚೀಟಿಯಲ್ಲಿ ನೋಡಿ. ಮೊದಲ ಲಸಿಕೆಯಿಂದ ಏಳು ದಿನ ದಾಟಿದ ಮೇಲೆ ಅದನ್ನು ಕೊಡುವುದಿಲ್ಲ. ಅಷ್ಟರಲ್ಲಿ ಲಸಿಕೆಯೇ ದೇಹದಲ್ಲಿ ಪ್ರತಿಕಾಯ ತಯಾರಿಸಲು ಶುರು ಮಾಡಿರುತ್ತದೆ. ಕೊಟ್ಟಿಲ್ಲದಿದ್ದರೆ ಉಳಿದ ಲಸಿಕೆಗಳ ದಿನ ಒಂದೂ ತಪ್ಪದಂತೆ ನೋಡಿಕೊಳ್ಳುವುದೇ ಈಗಿರುವ ದಾರಿ. ಹೆದರಿಸಲು ಹೇಳುತ್ತಿಲ್ಲ. ಎರಡು ಲಸಿಕೆ ಸರಿಯಾದ ಹೊತ್ತಿಗೆ ಬಿದ್ದಿದೆ, ಮೂರನೆಯದು ಮೂರು ದಿನ ತಡವಾಗಿ ಬಿದ್ದಿದೆ. ಆದರೆ ಈ ರೋಗ ಒಮ್ಮೆ ಲಕ್ಷಣ ತೋರಿಸಿದರೆ ನಮ್ಮ ಕೈಯಲ್ಲಿ ಔಷಧವೇ ಇಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುವುದು.

ಲ್ಯಾಬ್ ವರದಿಗಾಗಿ ಮನುಷ್ಯರ ಲಸಿಕೆ ಕಾಯಬಾರದು. ಅನುಮಾನ ಬಂದ ದಿನವೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಲಸಿಕೆ ಶುರು. ಒಳ್ಳೆಯ ಲ್ಯಾಬಿನಲ್ಲಿ, ಸರಿಯಾದ ಭಾಗದ ತಾಜಾ ಮಿದುಳಿನ ಮೇಲೆ, ಎಫ್‌ಎಟಿ ನೆಗೆಟಿವ್ ಬಂದರೆ ಡಾಕ್ಟ್ರು ಲಸಿಕೆ ನಿಲ್ಲಿಸಬಹುದು. ನಿಲ್ಲಿಸುವವರು ಡಾಕ್ಟ್ರು, ನಾವಲ್ಲ. ಹತ್ತು ದಿನ ನೋಡಿ ಅನ್ನುವ ಮಾತನ್ನೂ ಕೇಳಿರುತ್ತೀರಿ. ಅದು ಕಚ್ಚಿದ ನಾಯಿ, ಬೆಕ್ಕಿಗೆ ಇರುವ ಲೆಕ್ಕ. ದನಕ್ಕೆ ಅನ್ವಯಿಸುವುದಿಲ್ಲ. ಅಲ್ಲೂ ಲಸಿಕೆ ಶುರು ಮಾಡಿಯೇ ನಾಯಿಯನ್ನು ನೋಡುವುದು.

ಹಾಲಿನ ಬಗ್ಗೆ ಮನೆಯವರಿಗೆ ಸಮಾಧಾನ ಹೇಳಿ. ಕುದಿಸಿದ ಹಾಲು ಕುಡಿದವರಿಗೆ ಲಸಿಕೆ ಬೇಡ. ಈ ವೈರಸ್ ಬಿಸಿಗೆ, ಸೋಪಿಗೆ, ಬಿಸಿಲಿಗೆ ಬೇಗ ಸಾಯುತ್ತದೆ. ಡೈರಿಗೆ ಹಾಕಿದ ಹಾಲನ್ನೂ ಅಲ್ಲಿ ಕಾಯಿಸಿಯೇ ಕಳಿಸುತ್ತಾರೆ. ಯಾರಾದರೂ ಹಸಿ ಹಾಲು ಕುಡಿದಿದ್ದರೆ ಮಾತ್ರ ಡಾಕ್ಟ್ರಿಗೆ ಹೇಳಿ. ಸಗಣಿ ಬಾಚಿದವರು, ಮೈ ಸವರಿದವರು ಹೆದರಬೇಕಿಲ್ಲ. ಆದರೆ ಜೊಲ್ಲು ಕಣ್ಣಿಗೋ ಬಾಯಿಗೋ ಗಾಯಕ್ಕೋ ತಾಗಿದ್ದರೆ ಅದು ಬೇರೆ ಮಾತು. ಹಾಲು ಕರೆಯುವಾಗ ಹಸು ಯಾರನ್ನು ನೆಕ್ಕಿತ್ತು ಅಂತ ನೆನಪು ಮಾಡಿಕೊಳ್ಳಿ.

ಉಳಿದ ಎರಡು ಹಸು ಮತ್ತು ಕರು. ದನದಿಂದ ದನಕ್ಕೆ ಇದು ಹರಡುವುದು ಬಹಳ ಅಪರೂಪ. ಹಾಗಂತ ಸುಮ್ನೆ ಕೂರಬಹುದಾ? ಕೂರಬಹುದು, ಆದರೆ ಕನಿಷ್ಠ ಆರು ತಿಂಗಳು ದಿನಾ ಬೆಳಿಗ್ಗೆ ಹಸುವಿನ ಬಾಯಿ ನೋಡುತ್ತಾ ಎದೆ ಡವಡವ ಅನ್ನಿಸಿಕೊಂಡು ಇರಬೇಕು. ಅದೂ ಅಲ್ಲದೆ ಎರಡು ತಿಂಗಳ ಹಿಂದೆ ರಾತ್ರಿ ನಿಮ್ಮ ಕೊಟ್ಟಿಗೆಗೆ ನುಗ್ಗಿದ ಬೀದಿನಾಯಿ ಇವುಗಳನ್ನೂ ಕಚ್ಚಿತ್ತೋ ಇಲ್ಲವೋ ನಿಮಗೆ ಗೊತ್ತಿಲ್ಲ. ಮೂರೂ ಹಸುಗಳು ಒಂದೇ ಬಾನಿಯಲ್ಲಿ ಕಲಗಚ್ಚು ಕುಡಿಯುತ್ತಿದ್ದವು, ಕರುವನ್ನು ತಾಯಿ ನೆಕ್ಕುತ್ತಲೇ ಇತ್ತು. ನಾನಾಗಿದ್ದರೆ ಉಳಿದ ಮೂರಕ್ಕೂ ಕಚ್ಚಿದ ನಂತರ ಕೊಡುವ ಐದು ಲಸಿಕೆ ಹಾಕಿಸುತ್ತಿದ್ದೆ, ಮನುಷ್ಯರಿಗೆ ಕೊಡುವ ಅದೇ ದಿನಗಳ ಲೆಕ್ಕದಲ್ಲಿ. ಲಸಿಕೆ ಹಾಕಿಸಿದರೂ ನೂರಕ್ಕೆ ನೂರು ಖಾತ್ರಿ ಇಲ್ಲ, ವೈರಸ್ ಮೊದಲೇ ನರ ಹತ್ತಿದ್ದರೆ ತಡೆಯಲಾಗದು. ಆದ್ದರಿಂದ ಆರು ತಿಂಗಳು ಯಾವುದಾದರೂ ಮೇವು ಬಿಟ್ಟರೆ ಬಾಯಿಗೆ ಕೈ ಹಾಕಬೇಡಿ, ಗೊಟ್ಟ ಎತ್ತಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ. ಮನೆ ನಾಯಿ ಇದ್ದರೆ ಅದಕ್ಕೂ ಲಸಿಕೆ ಆಗಬೇಕು. ಬಾನಿ, ಗೋದಲಿ ಸೋಪಿನ ನೀರಿನಲ್ಲಿ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿ ಬಿಸಿಲಿಗೆ ಬಿಡಿ.

ಸ್ಯಾಂಪಲ್ ಕಳಿಸುವ ಬಗ್ಗೆ ಎರಡು ಮಾತು, ಬೇರೆ ಓದುಗರಿಗಾಗಿ. ಲ್ಯಾಬಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಗೋಣಿಚೀಲದಲ್ಲಿ ಕರುವಿನ ತಲೆ ಬಂದಿತ್ತು. ರಾತ್ರಿಯಿಡೀ ಬಸ್ಸಿನ ಮೇಲೆ ಪ್ರಯಾಣ, ಐಸ್ ಇಲ್ಲ. ಬಿಚ್ಚುವ ಮೊದಲೇ ವಾಸನೆಯಿಂದ ವಿಷಯ ತಿಳಿಯಿತು. ಬುರುಡೆ ಓರೆ ಮಾಡಿದರೆ ಮಿದುಳು ಅಂಬಲಿಯ ಹಾಗೆ ಸುರಿಯಿತು. ಅದರಲ್ಲಿ ಎಫ್‌ಎಟಿ ನೆಗೆಟಿವ್ ಬಂದರೆ ಅದಕ್ಕೆ ಬೆಲೆ ಇಲ್ಲ. ‘ಪರೀಕ್ಷೆಗೆ ಯೋಗ್ಯವಲ್ಲ’ ಅಂತ ಬರೆದೆ. ತಂದವರು ನೂರಿಪ್ಪತ್ತು ಕಿಲೋಮೀಟರ್ ಬಂದಿದ್ದರು, ಅವರ ಮುಖ ನೋಡಲು ಆಗಲಿಲ್ಲ. ಇನ್ನೊಮ್ಮೆ ಉಪ್ಪಿನಕಾಯಿ ಬಾಟಲಿಯಲ್ಲಿ ಫಾರ್ಮಲಿನ್ ತುಂಬಿ, ಅದರಲ್ಲಿ ಮಿದುಳು ಮುಳುಗಿಸಿ ತಂದಿದ್ದರು. ಕೆಡದಿರಲಿ ಅಂತ ಮಾಡಿದ ಒಳ್ಳೆಯ ಕೆಲಸವೇ. ಆದರೆ ಫಾರ್ಮಲಿನ್ ಹೊಕ್ಕ ಮಿದುಳಿನ ಮೇಲೆ ಮಾಮೂಲಿ ಎಫ್‌ಎಟಿ ನಡೆಯುವುದಿಲ್ಲ. ಐಸ್ ಡಬ್ಬಿಯೇ ಸರಿ. ಐಸ್ ಸಿಗದ ಕಡೆ ಡಾಕ್ಟ್ರು ಗ್ಲಿಸರಿನ್ ಸೇರಿಸಿದ ಸಲೈನ್‌ನಲ್ಲಿ ಇಡುತ್ತಾರೆ. ಒಂದರೊಳಗೆ ಒಂದರಂತೆ ಮೂರು ಪ್ಯಾಕಿಂಗ್, ಹೊರಗೆ ವಿವರದ ಚೀಟಿ.

ತಲೆಯನ್ನು ಕೊಡಲಿಯಿಂದ ಒಡೆಯುವುದನ್ನು ನೋಡಿದ್ದೇನೆ. ಚೂರು ಕಣ್ಣಿಗೆ ಸಿಡಿದರೆ ಮುಗಿಯಿತು. ಅದು ರೈತರು ಮಾಡುವ ಕೆಲಸವಲ್ಲ. ಕೈಗವಸು, ಕನ್ನಡಕ, ಮುಖಕ್ಕೆ ಮುಚ್ಚುಗೆ ಹಾಕಿದ, ಮೊದಲೇ ಲಸಿಕೆ ಆದ ಸಿಬ್ಬಂದಿ ಮಾಡಬೇಕು. ಬುರುಡೆ ಒಡೆಯದೆಯೂ ಆಗುತ್ತದೆ. ತಲೆ ಬೇರ್ಪಡಿಸಿದಾಗ ಹಿಂಭಾಗದಲ್ಲಿ ಬೆನ್ನುಹುರಿ ಹೊರಬರುವ ರಂಧ್ರ ಕಾಣುತ್ತದೆ. ಅದರಿಂದ ಕೊಳವೆಯನ್ನೋ ಉದ್ದ ಹಿಡಿಕೆಯ ಚಮಚವನ್ನೋ ತೂರಿಸಿ, ಬೇಕಾದ ಬುಡದ ಭಾಗ ಮತ್ತು ಕಿರುಮಿದುಳಿನ ಚೂರು ತೆಗೆಯಬಹುದು. ಬುಡದ ಭಾಗ ಅಡ್ಡಕ್ಕೆ ಪೂರ್ತಿ ಬರಬೇಕು, ಯಾಕೆಂದರೆ ವೈರಸ್ ಒಂದೇ ಪಕ್ಕದಲ್ಲಿ ಇರುವುದುಂಟು. ನಮ್ಮ ಪುಣ್ಯಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬಿಸ್ ಲ್ಯಾಬ್ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ರೆಫರೆನ್ಸ್ ಲ್ಯಾಬ್. ನಿಮ್ಮ ತಾಲ್ಲೂಕಿನ ಪಶುವೈದ್ಯರ ಮೂಲಕವೇ ಸ್ಯಾಂಪಲ್ ಕಳಿಸಿ, ನೀವೇ ಹೊತ್ತುಕೊಂಡು ಹೋಗಬೇಡಿ.

ಹಸು ಹೋದ ಮೇಲೆ ಈ ಪರೀಕ್ಷೆಯಿಂದ ಏನು ಲಾಭ ಅಂತ ನಿಮ್ಮ ತಾಯಿ ಕೇಳಿದರಂತೆ. ಒಂದು, ತಂದೆಯವರು ಅರ್ಧಕ್ಕೆ ಬಿಟ್ಟ ಲಸಿಕೆ ಮತ್ತೆ ಶುರುವಾಯಿತು. ಎರಡನೆಯದನ್ನು ಈಗ ನೀವು ಮಾಡಬೇಕು. ಎರಡು ತಿಂಗಳ ಹಿಂದೆ ಒಂದು ರಾತ್ರಿ ಕೊಟ್ಟಿಗೆಗೆ ಬೀದಿನಾಯಿ ನುಗ್ಗಿತ್ತು, ಆಮೇಲೆ ಅದನ್ನು ಊರಲ್ಲಿ ಯಾರೂ ನೋಡಲಿಲ್ಲ ಅಂತ ಫೋನಿನಲ್ಲಿ ಹೇಳಿದಿರಿ. ಅದು ಬೇರೆ ಯಾವ ಕೊಟ್ಟಿಗೆಗೆ ಹೋಗಿತ್ತು, ಯಾವ ಮಗುವಿಗೆ ಉಗುರು ಪರಚಿತ್ತು, ಯಾರು ನಾಟಿ ಔಷಧಿ ಕಟ್ಟಿಸಿಕೊಂಡು ಸುಮ್ಮನಾದರು ಎಂದು ಇವತ್ತೇ ಓಣಿಯಲ್ಲಿ ಮನೆಮನೆಗೆ ಹೋಗಿ ಕೇಳಿ. ಹೋಗುವಾಗ ಬೆಂಗಳೂರಿನ ವರದಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ.